ಸ್ಪಿಟ್‌ಫೈರ್ ಕಾಕ್‌ಪಿಟ್‌ನ ಬೆಳಕಿನ ಬಳೆ: ತಲೆ ಆಡಿಸಿದರೂ ಗುರಿಯಿಂದ ಕದಲಲ್ಲ, ಯಾಕೆ?

ತುಂಗಾತೀರ

ನಿನ್ನೆ ರಾತ್ರಿ ಮಗಳ ಜೊತೆ ಒಂದು ವಿಡಿಯೋ ನೋಡುತ್ತಿದ್ದೆ. ದುರಸ್ತಿ ಮಾಡಿ ಮತ್ತೆ ಹಾರಿಸುತ್ತಿರುವ ಹಳೆಯ ಸ್ಪಿಟ್‌ಫೈರ್ (ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ) ಒಂದರ ಕಾಕ್‌ಪಿಟ್. ಪೈಲಟ್ ಕಣ್ಣೆದುರಿಗೆ ಗನ್ನಿನ ಗುರಿ ತೋರಿಸುವ ಗನ್‌ಸೈಟ್, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಒಂದು ಗಾಜು. ಅದರಲ್ಲಿ ಬೆಳಕಿನ ಬಳೆ, ಮಧ್ಯೆ ಚುಕ್ಕಿ, ಎಡಬಲಕ್ಕೆ ಎರಡು ಅಡ್ಡ ಗೆರೆ. ಕ್ಯಾಮೆರಾ ಹಿಡಿದವರು ಅದನ್ನು ಸ್ವಲ್ಪ ಎಡಕ್ಕೆ ಸರಿಸಿದರು. ಬಳೆಯೂ ಗಾಜಿನ ಮೇಲೆ ಎಡಕ್ಕೆ ಸರಿಯಿತು. ಆದರೆ ದೂರದ ಮೋಡದ ಮೇಲೆ ಎಲ್ಲಿತ್ತೋ ಅಲ್ಲೇ ಕೂತಿತ್ತು.

ಮಗಳು ಒಂಬತ್ತನೇ ಕ್ಲಾಸು. "ಗಾಜಿನ ಮೇಲೆ ಬರೆದಿದ್ರೆ ಹಿಂಗಾಗಲ್ಲ ಅಲ್ವಾ ಅಪ್ಪಾ?" ಅಂದಳು. ಅವಳು ಹೇಳಿದ್ದು ಸರಿ. ಕಿಟಕಿ ಗಾಜಿಗೆ ಬಿಂದಿ ಅಂಟಿಸಿ ತಲೆ ಆಡಿಸಿದರೆ ಹೊರಗಿನ ಮರದ ಮೇಲೆ ಬಿಂದಿ ಓಡಾಡುತ್ತದೆ. ಇಲ್ಲಿ ಯಾಕೆ ಓಡಾಡಲ್ಲ? ನನಗೆ ಸರಿಯಾಗಿ ಹೇಳಲು ಬರಲಿಲ್ಲ. ಗೊತ್ತಿರುವವರು ತಿಳಿಸಿ.

ಹಳೇಲೆನ್ಸು

ಮಗಳು ಕೇಳಿದ್ದೇ ಈ ಸಾಧನದ ಜೀವಾಳ. ಬಳೆ ಗಾಜಿನ ಮೇಲೆ ಇಲ್ಲವೇ ಇಲ್ಲ. ಗಾಜು ಬರೀ ಕನ್ನಡಿಯ ಕೆಲಸ ಮಾಡುತ್ತಿದೆ.

ಕೆಳಗಿನಿಂದ ಮೇಲಕ್ಕೆ ಬನ್ನಿ. ಡಬ್ಬಿಯ ತಳದಲ್ಲಿ ಒಂದು ಬಲ್ಬು. ಅದರ ಮೇಲೆ ಬೆಳಕು ದಾಟದ ಒಂದು ಬಿಲ್ಲೆ. ಬಿಲ್ಲೆಯಲ್ಲಿ ಬಳೆ, ಚುಕ್ಕಿ, ಗೆರೆಗಳ ಆಕಾರಕ್ಕೆ ಮಾತ್ರ ಬೆಳಕು ದಾಟುವ ಕಿಂಡಿ. ಅದರ ಮೇಲೆ ಒಂದು ಪೀನ ಮಸೂರ. ಬಿಲ್ಲೆಯನ್ನು ಇಟ್ಟಿರುವುದು ಸರಿಯಾಗಿ ಮಸೂರದ ಸಂಗಮ ಬಿಂದುವಿನ ಜಾಗದಲ್ಲಿ. ಶಾಲೆಯಲ್ಲಿ ಓದಿದ್ದು ನೆನಪಿದೆಯಾ? ಸಂಗಮದಲ್ಲಿಟ್ಟ ಬಿಂದುವಿನಿಂದ ಹೊರಟ ಬೆಳಕು ಮಸೂರ ದಾಟಿದ ಮೇಲೆ ಸಮಾಂತರವಾಗಿ ಹೋಗುತ್ತದೆ. ಆ ಸಮಾಂತರ ಕಿರಣಗಳು 45 ಡಿಗ್ರಿ ಓರೆಯಾದ ಗಾಜಿಗೆ ಬಡಿದು ಪೈಲಟ್ ಕಣ್ಣಿನ ಕಡೆ ತಿರುಗುತ್ತವೆ. ಎದುರಿನ ಆಕಾಶವೂ ಅದೇ ಗಾಜಿನ ಮೂಲಕ ಕಾಣುತ್ತದೆ.

ಸಮಾಂತರ ಕಿರಣ ಅಂದರೆ ತುಂಬಾ ತುಂಬಾ ದೂರದಿಂದ ಬಂದ ಬೆಳಕು. ಕಣ್ಣಿಗೆ ಅಷ್ಟೇ ಗೊತ್ತು. ಮಗಳಿಗೆ ಹೀಗೆ ಹೇಳಿ: ರಾತ್ರಿ ಬಸ್ಸಿನಲ್ಲಿ ಹೋಗುವಾಗ ರಸ್ತೆ ಬದಿಯ ಮರಗಳು ಹಿಂದೆ ಓಡುತ್ತವೆ, ಚಂದ್ರ ಮಾತ್ರ ಜೊತೆಗೇ ಬರುತ್ತಾನೆ. ಅಷ್ಟು ದೂರ ಇರುವುದರಿಂದ ನಾವು ಎಷ್ಟು ಸರಿದರೂ ಅವನ ದಿಕ್ಕು ಬದಲಾಗುವುದಿಲ್ಲ. ಈ ಬಳೆಯೂ ಚಂದ್ರನ ಹಾಗೆ. ಪೈಲಟ್ ತಲೆ ಎತ್ತ ಸರಿದರೂ ಬಳೆ ತೋರುವ ದಿಕ್ಕು ಒಂದೇ. ಆ ದಿಕ್ಕು ವಿಮಾನಕ್ಕೆ ಬಿಗಿದದ್ದು, ಕಣ್ಣಿಗಲ್ಲ.

ಇನ್ನೊಂದು ಲಾಭ ಇದೆ. ಬಳೆಯೂ ದೂರದಲ್ಲಿ, ಶತ್ರು ವಿಮಾನವೂ ದೂರದಲ್ಲಿ. ಕಣ್ಣು ಹತ್ತಿರಕ್ಕೆ, ದೂರಕ್ಕೆ ಅಂತ ಹೊಂದಿಸಿಕೊಳ್ಳುವ ಕೆಲಸ ತಪ್ಪಿತು. ಎರಡೂ ಒಟ್ಟಿಗೇ ಸ್ಪಷ್ಟ.

ಬಾನಾಡಿ

ಇದಕ್ಕೂ ಮುಂಚೆ ಏನಿತ್ತು ಅಂತ ನೋಡಿದರೆ ಇದರ ಬೆಲೆ ಗೊತ್ತಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಜಾಸ್ತಿ ಇದ್ದದ್ದು ಕಬ್ಬಿಣದ ಬಳೆ ಮತ್ತು ಗುಂಡುಮಣಿ. ಒಂದು ಮುಂದೆ, ಒಂದು ಹಿಂದೆ. ಕಣ್ಣು, ಮಣಿ, ಬಳೆ, ಗುರಿ ನಾಲ್ಕೂ ಒಂದೇ ಗೆರೆಗೆ ಬರಬೇಕು. ವಿಮಾನ ಕುಲುಕುವಾಗ, ತಿರುವಿನಲ್ಲಿ ತಲೆಯ ಭಾರ ಮೂರ್ನಾಲ್ಕು ಪಟ್ಟು ಆದಾಗ, ತಲೆಯನ್ನು ಒಂದೇ ಕಡೆ ಹಿಡಿಯುವುದು ಹೇಗೆ?

ಬ್ರಿಟಿಷರ ಎಸ್‌ಇ5ಎ ವಿಮಾನದಲ್ಲಿ ಆಲ್ಡಿಸ್ ಅನ್ನುವ ಕೊಳವೆ ಇತ್ತು. ನೋಡಲು ದುರ್ಬೀನಿನ ಹಾಗೆ, ಆದರೆ ಏನನ್ನೂ ದೊಡ್ಡದಾಗಿ ತೋರಿಸುತ್ತಿರಲಿಲ್ಲ. ಒಳಗಿನ ಮಸೂರಗಳ ದೆಸೆಯಿಂದ ಅಲ್ಲೂ ಬಳೆ ದೂರದಲ್ಲೇ ಕಾಣುತ್ತಿತ್ತು. ಆದರೆ ಕೊಳವೆಯ ಬಾಯಿಗೆ ಕಣ್ಣು ತರಲೇಬೇಕು. ಜಪಾನಿನ ಸೇನೆಯ ಕಿ-43 ವಿಮಾನದಲ್ಲೂ ಶುರುವಿನಲ್ಲಿ ಮುಂದಿನ ಗಾಜು ತೂರಿಕೊಂಡು ಹೋಗುವ ಕೊಳವೆಯೇ ಇತ್ತು. ಕೊಳವೆಯಲ್ಲಿ ಕಣ್ಣಿಟ್ಟ ಹೊತ್ತಿಗೆ ಪಕ್ಕದಿಂದ ಇನ್ನೊಬ್ಬ ಬಂದರೆ ಕಾಣುವುದಿಲ್ಲ.

ಓರೆ ಗಾಜಿನ ಯೋಚನೆ ಡಬ್ಲಿನ್‌ನ ಹೊವರ್ಡ್ ಗ್ರಬ್ ಅವರದು. ದೊಡ್ಡ ಟೆಲಿಸ್ಕೋಪ್‌ಗಳನ್ನು, ಆಮೇಲೆ ಜಲಾಂತರ್ಗಾಮಿಗಳ ಪೆರಿಸ್ಕೋಪ್‌ಗಳನ್ನು ಮಾಡಿದವರು. ಪೇಟೆಂಟ್ ಆದದ್ದು 1900ರಲ್ಲಿ. ಆಗ ರೈಟ್ ಸಹೋದರರು ಇನ್ನೂ ಹಾರಿರಲೇ ಇಲ್ಲ! ವಿಮಾನಕ್ಕೆ ಅದು ಬಂದದ್ದು 1918ರಲ್ಲಿ. ಜರ್ಮನಿಯ ಓಯಿಗೀ ಕಂಪನಿ ಮಾಡಿದ್ದನ್ನು ಆಲ್ಬಟ್ರೋಸ್ ಮತ್ತು ಫೋಕರ್ ಟ್ರೈಪ್ಲೇನ್‌ಗಳಲ್ಲಿ ಹಾಕಿ ನೋಡಿದರು.

ರೆಕ್ಕೆಪುಕ್ಕ

ಚೆನ್ನಾಗಿ ಹೇಳಿದಿರಿ. ಹಾಗಾದರೆ ಚುಕ್ಕಿ ಎಲ್ಲಿದೆಯೋ ಗುಂಡು ಅಲ್ಲಿಗೇ ಹೋಗುತ್ತದೆ ಅಂತಾಯಿತು. ಶತ್ರು ವಿಮಾನದ ಮೇಲೆ ಚುಕ್ಕಿ ಇಟ್ಟು ಗುಂಡಿ ಒತ್ತಿದರೆ ಮುಗಿಯಿತು. ಮತ್ತೆ ಅಷ್ಟೊಂದು ಗುಂಡು ಗುರಿ ತಪ್ಪುತ್ತಿದ್ದದ್ದು ಯಾಕೆ? ಆ ಬಳೆ, ಗೆರೆಗಳೆಲ್ಲ ಯಾಕೆ ಬೇಕಿತ್ತು?

ಗಣಿತದಮೇಷ್ಟ್ರು

ಇಲ್ಲ, ಮುಗಿಯುವುದಿಲ್ಲ. ನಿಜವಾದ ಕಷ್ಟ ಶುರುವಾಗುವುದೇ ಅಲ್ಲಿಂದ.

ಒಂದು ಲೆಕ್ಕ ಮಾಡೋಣ. ಎದುರಿಗೆ ಜರ್ಮನಿಯ ಹೈಂಕೆಲ್ 111 ಬಾಂಬರ್. ಗಂಟೆಗೆ 400 ಕಿಲೋಮೀಟರ್ ವೇಗದಲ್ಲಿ ನಮ್ಮ ಮೂಗಿನ ಮುಂದೆ ಅಡ್ಡ ಹೋಗುತ್ತಿದೆ ಅಂದುಕೊಳ್ಳಿ. ಸೆಕೆಂಡಿಗೆ 111 ಮೀಟರ್. ದೂರ 250 ಮೀಟರ್. ಗುಂಡಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 700 ಮೀಟರ್ ಅಂತ ಇಟ್ಟುಕೊಂಡರೆ ಅಲ್ಲಿಗೆ ತಲುಪಲು 0.36 ಸೆಕೆಂಡ್ ಬೇಕು. ಅಷ್ಟರಲ್ಲಿ ಹೈಂಕೆಲ್ 40 ಮೀಟರ್ ಮುಂದೆ ಹೋಗಿರುತ್ತದೆ. ಅದರ ಉದ್ದವೇ 16 ಮೀಟರ್ ಚಿಲ್ಲರೆ. ಅಂದರೆ ವಿಮಾನದ ಮೂಗಿಗಿಂತ ಎರಡು ವಿಮಾನದಷ್ಟು ಮುಂದೆ, ಖಾಲಿ ಆಕಾಶಕ್ಕೆ ಹೊಡೆಯಬೇಕು. ಚುಕ್ಕಿಯನ್ನು ವಿಮಾನದ ಮೇಲೇ ಇಟ್ಟು ಹೊಡೆದರೆ ಒಂದು ಗುಂಡೂ ತಾಗುವುದಿಲ್ಲ.

ಬಳೆ ಇರುವುದು ಇದಕ್ಕೆ. ಬ್ರಿಟಿಷರ ಬಳೆಯ ತ್ರಿಜ್ಯ ಗಂಟೆಗೆ 100 ಮೈಲಿ ವೇಗದಲ್ಲಿ ಅಡ್ಡ ಹೋಗುವ ಗುರಿಗೆ ಬೇಕಾದಷ್ಟು ಮುಂದಳತೆ, ಅಂದರೆ ಎಷ್ಟು ಮುಂದಕ್ಕೆ ಹೊಡೆಯಬೇಕು ಅನ್ನುವ ಅಳತೆ. ಸುಮಾರು 4 ಡಿಗ್ರಿ. ನಮ್ಮ ಹೈಂಕೆಲ್ 250 ಮೈಲಿ ವೇಗದಲ್ಲಿದೆ, ಹಾಗಾಗಿ ಎರಡೂವರೆ ತ್ರಿಜ್ಯ ಮುಂದೆ. ಪೂರ್ತಿ ಅಡ್ಡ ಅಲ್ಲದೆ 30 ಡಿಗ್ರಿ ಓರೆಯಲ್ಲಿ ಹೋಗುತ್ತಿದ್ದರೆ ಅದರರ್ಧ ಸಾಕು, ಯಾಕೆಂದರೆ ಸೈನ್ 30 ಅಂದರೆ ಅರ್ಧ. ಇದನ್ನೆಲ್ಲ ಇಪ್ಪತ್ತು ವರ್ಷದ ಹುಡುಗ ಕಣ್ಣಂದಾಜಿನಲ್ಲಿ, ತಿರುವಿನಲ್ಲಿ, ಬೆನ್ನ ಹಿಂದೆ ಯಾರಿದ್ದಾರೆ ಅಂತ ನೋಡುತ್ತಲೇ ಮಾಡಬೇಕಿತ್ತು.

ಬಾನಾಡಿ

ಮೇಷ್ಟ್ರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ.

ಸ್ಪಿಟ್‌ಫೈರ್‌ನ ಮೂಗು ಉದ್ದ. ತಿರುವಿನಲ್ಲಿ ಅಷ್ಟು ಮುಂದಕ್ಕೆ ಗುರಿ ಇಟ್ಟರೆ ಶತ್ರು ವಿಮಾನ ಎಂಜಿನ್ನಿನ ಕೆಳಗೆ ಮರೆಯಾಗುತ್ತದೆ. ಕಾಣದ ವಿಮಾನಕ್ಕೆ ಹೊಡೆಯಬೇಕು. ಅದಕ್ಕೇ ಹೆಚ್ಚಿನವರು ನೇರ ಹಿಂದಿನಿಂದ, ಹತ್ತಿರ ಹೋಗಿ ಹೊಡೆಯುವುದನ್ನೇ ನಂಬಿದರು.

ಗುಂಡು ದಂಡ ಮಾಡಲು ಅವಕಾಶವೂ ಇರಲಿಲ್ಲ. ಮೊದಲ ಸ್ಪಿಟ್‌ಫೈರ್‌ನಲ್ಲಿ ಎಂಟು ಬ್ರೌನಿಂಗ್ ಗನ್ನು, ಒಂದೊಂದಕ್ಕೆ 300 ಗುಂಡು. ಒತ್ತಿ ಹಿಡಿದರೆ ಸುಮಾರು 15 ಸೆಕೆಂಡಿಗೆ ಎಲ್ಲ ಖಾಲಿ. ಗನ್ನುಗಳು ರೆಕ್ಕೆಯಲ್ಲಿ, ಕಣ್ಣು ಮಧ್ಯದಲ್ಲಿ. ಹಾಗಾಗಿ ಎಂಟನ್ನೂ ಸ್ವಲ್ಪ ಸ್ವಲ್ಪ ಒಳಗೆ ತಿರುಗಿಸಿ ಮುಂದೆ ಒಂದು ಕಡೆ ಕೂಡುವಂತೆ ಬಿಗಿಯುತ್ತಿದ್ದರು. 250 ಮೀಟರ್ ಹೋಗುವಷ್ಟರಲ್ಲಿ ಗುಂಡು ಅರ್ಧ ಮೀಟರಿಗಿಂತ ಜಾಸ್ತಿ ಕೆಳಗಿಳಿಯುತ್ತದೆ, ಅದಕ್ಕೂ ಲೆಕ್ಕ ಇಡಬೇಕು. ಯುದ್ಧದ ಶುರುವಿನಲ್ಲಿ ಕೂಡುವ ಜಾಗ 400 ಗಜ ದೂರದಲ್ಲಿತ್ತು. ದಕ್ಷಿಣ ಆಫ್ರಿಕಾದ ಪೈಲಟ್ ಸೇಲರ್ ಮಾಲನ್ ಅಂಥವರು ಅದನ್ನು 250 ಗಜಕ್ಕೆ ಎಳೆದುಕೊಂಡರು. ಆಮೇಲೆ ಅದೇ ರೂಢಿಯಾಯಿತು.

ತುಂಗಾತೀರ

250 ಗಜ ಆಯಿತು ಅಂತ ಪೈಲಟ್‌ಗೆ ಹೇಗೆ ಗೊತ್ತಾಗುತ್ತಿತ್ತು? ಆಕಾಶದಲ್ಲಿ ಅಳತೆಗೆ ಏನೂ ಇರುವುದಿಲ್ಲವಲ್ಲ.

ರೆಕ್ಕೆಪುಕ್ಕ

ಇದು ನನಗೆ ಗೊತ್ತು. ಗನ್‌ಸೈಟ್ ಮೇಲೆ ಎರಡು ತಿರುಗುಬಳೆ ಇರುತ್ತವೆ. ಅದೇ ದೂರ ಅಳೆದು ಹೇಳುತ್ತಿತ್ತು ಅಲ್ವಾ?

ಗಣಿತದಮೇಷ್ಟ್ರು

ಎರಡು ತಿರುಗುಬಳೆ ಇದ್ದದ್ದು ನಿಜ. ಅಳೆದು ಹೇಳುತ್ತಿತ್ತು ಅನ್ನುವುದು ಸರಿಯಲ್ಲ. ಗ್ಲಾಸ್ಗೋದ ಬಾರ್ ಅಂಡ್ ಸ್ಟ್ರೌಡ್ ಕಂಪನಿ ಮಾಡಿದ ಜಿಎಂ2 ಅನ್ನುವ ಸಾಧನ ಅದು. ಸ್ಪಿಟ್‌ಫೈರ್, ಹರಿಕೇನ್ ಎರಡರಲ್ಲೂ ಇತ್ತು. ಒಂದು ತಿರುಗುಬಳೆಯಲ್ಲಿ ಎಷ್ಟು ದೂರದಿಂದ ಹೊಡೆಯಬೇಕು ಅಂತ ಇಡುವುದು. ಇನ್ನೊಂದರಲ್ಲಿ ಶತ್ರು ವಿಮಾನದ ರೆಕ್ಕೆಯ ಅಗಲ. ಎರಡೂ ಸೇರಿ ಅಡ್ಡ ಗೆರೆಗಳ ಮಧ್ಯದ ಸಂದನ್ನು ಹಿಗ್ಗಿಸುತ್ತವೆ, ಕುಗ್ಗಿಸುತ್ತವೆ. ಶತ್ರುವಿನ ರೆಕ್ಕೆ ತುದಿಯಿಂದ ತುದಿಗೆ ಆ ಸಂದನ್ನು ತುಂಬಿದಾಗ, ಅಂದುಕೊಂಡ ದೂರಕ್ಕೆ ಬಂದಾಯಿತು ಅಂತ ಅರ್ಥ. ಅಳೆಯುವವನು ಪೈಲಟ್ಟೇ. ಗೆರೆಗಳು ಅಳತೆಪಟ್ಟಿ ಅಷ್ಟೇ.

ಇಲ್ಲಿ ಒಂದು ಅಪಾಯ ಅಡಗಿದೆ. ಜರ್ಮನಿಯ ಫೈಟರ್ ವಿಮಾನ ಮೆಸ್ಸರ್‌ಶ್ಮಿಟ್ 109ರ ರೆಕ್ಕೆ ಸುಮಾರು 9.9 ಮೀಟರ್. ಹೈಂಕೆಲ್‌ನದು 22.6 ಮೀಟರ್. ಪೈಲಟ್ ಬೆಳಿಗ್ಗೆ 109ಕ್ಕೆ ಅಂತ ಹೊಂದಿಸಿಟ್ಟಿದ್ದಾನೆ, 250 ಗಜಕ್ಕೆ. ಎದುರಿಗೆ ಸಿಕ್ಕಿದ್ದು ಹೈಂಕೆಲ್. ಬದಲಾಯಿಸಲು ಪುರುಸೊತ್ತಿಲ್ಲ. ಆ ಪುಟ್ಟ ಸಂದು ಹೈಂಕೆಲ್‌ನ ರೆಕ್ಕೆಯಿಂದ ತುಂಬುವುದು ಎಷ್ಟು ದೂರದಲ್ಲಿ? ನಾನು ಲೆಕ್ಕ ಹಾಕಿದರೆ 520 ಮೀಟರ್ ಆಸುಪಾಸು ಬರುತ್ತದೆ. 250 ಗಜ ಅಂದರೆ 229 ಮೀಟರ್. ಹತ್ತಿರ ಬಂದೆ ಅಂದುಕೊಂಡು ಎರಡು ಪಟ್ಟಿಗಿಂತ ಜಾಸ್ತಿ ದೂರದಿಂದ ಹೊಡೆಯುತ್ತಾನೆ. ಅಷ್ಟೊತ್ತಿಗೆ ಎಂಟು ಗನ್ನುಗಳ ಗುಂಡು ಒಂದು ಕಡೆ ಕೂಡಿ ಮತ್ತೆ ಚದುರಿ ಹೋಗಿರುತ್ತವೆ.

ಸಾಧನ ಎಷ್ಟು ಒಳ್ಳೆಯದಾದರೂ ಅದಕ್ಕೆ ನಾವು ಕೊಟ್ಟ ಸಂಖ್ಯೆ ತಪ್ಪಾದರೆ ಅದು ತಪ್ಪನ್ನೇ ಚೊಕ್ಕವಾಗಿ ತೋರಿಸುತ್ತದೆ. ಕ್ಲಾಸಿನಲ್ಲಿ ತ್ರಿಕೋನಮಿತಿ ಪಾಠಕ್ಕೆ ಈ ಉದಾಹರಣೆ ಕೊಡುತ್ತೇನೆ. ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಭಾನುವಾರ ನಾವಿಬ್ಬರೂ ಮನೆಯಲ್ಲೇ ಒಂದನ್ನು ಮಾಡಲು ಕೂತೆವು. ಸಂಗಮ ದೂರ 10 ಸೆಂಟಿಮೀಟರ್ ಇರುವ ಮಸೂರ ಪ್ರಯೋಗಾಲಯದ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಗೆ ಸೂಜಿಯಿಂದ ಚುಚ್ಚಿ ಚುಕ್ಕಿ ಚುಕ್ಕಿಯ ಬಳೆ ಮಾಡಿದೆವು. 4 ಡಿಗ್ರಿಗೆ ತ್ರಿಜ್ಯ 7 ಮಿಲಿಮೀಟರ್ ಅಂತ ಮಗಳೇ ಲೆಕ್ಕ ಹಾಕಿದಳು. ಬೆಳಕಿಗೆ ಮೊಬೈಲ್ ಟಾರ್ಚ್, ಅದರ ಮೇಲೆ ಬಟರ್ ಪೇಪರ್. ಓರೆ ಗಾಜಿಗೆ ಹಳೆಯ ಫೋಟೋ ಫ್ರೇಮಿನ ಗಾಜು. ರಟ್ಟಿನ ಡಬ್ಬಿಯಲ್ಲಿ ಎಲ್ಲ ಕೂರಿಸಿ ಸಂಜೆ ಮಹಡಿಗೆ ಹೋದೆವು.

ಬಳೆ ಕಂಡಿತು! ಆದರೆ ಎರಡು ತೊಂದರೆ. ಒಂದು, ಪ್ರತಿ ಚುಕ್ಕಿಯೂ ಎರಡೆರಡು ಕಾಣುತ್ತಿದೆ, ಒಂದರ ಪಕ್ಕ ಇನ್ನೊಂದು ಮಸುಕಾಗಿ. ಎರಡು, ತಲೆ ಆಡಿಸಿದರೆ ದೂರದ ನೀರಿನ ಟ್ಯಾಂಕಿನ ಮೇಲೆ ಬಳೆ ಇನ್ನೂ ಸ್ವಲ್ಪ ಓಡಾಡುತ್ತಿದೆ. ಎರಡು ಚುಕ್ಕಿ ಬರುವುದು ಗಾಜಿನ ಎರಡು ಮುಖಗಳಿಂದ ಅಂತ ಅನಿಸುತ್ತದೆ. ವಿಶೇಷ ಗಾಜು ಬೇಕಾ?

ಹಳೇಲೆನ್ಸು

ಗಾಜು ಬದಲಾಯಿಸಬೇಡಿ. ಎರಡೂ ಒಂದೇ ತೊಂದರೆ.

ಗಾಜಿನ ಎರಡು ಮುಖಗಳೂ ಬೆಳಕನ್ನು ತಿರುಗಿಸುತ್ತವೆ, ಅದು ನಿಜ. ಆದರೆ ಎರಡು ಮುಖ ಒಂದಕ್ಕೊಂದು ಸಮಾಂತರವಾಗಿದ್ದು ಬರುವ ಕಿರಣಗಳೂ ಸಮಾಂತರವಾಗಿದ್ದರೆ, ಎರಡು ಪ್ರತಿಬಿಂಬವೂ ಒಂದೇ ದಿಕ್ಕಿನಲ್ಲಿ ಬರುತ್ತವೆ. ಪಕ್ಕಕ್ಕೆ ಎರಡು ಮೂರು ಮಿಲಿಮೀಟರ್ ಸರಿದಿರುತ್ತವೆ ಅಷ್ಟೇ. ದೂರದ ವಸ್ತುವಿಗೆ ಕಣ್ಣು ನೋಡುವುದು ದಿಕ್ಕನ್ನು. ಹಾಗಾಗಿ ಎರಡೂ ಒಂದರ ಮೇಲೊಂದು ಕೂತು ಒಂದಾಗಿ ಕಾಣುತ್ತವೆ. ನಿಮಗೆ ಎರಡು ಕಾಣುತ್ತಿದೆ ಅಂದರೆ ಕಿರಣ ಇನ್ನೂ ಸಮಾಂತರ ಆಗಿಲ್ಲ. ಹಾಳೆ ಸಂಗಮಕ್ಕಿಂತ ಹತ್ತಿರ ಇದೆ. ಬಳೆ ನಿಮ್ಮಿಂದ ಒಂದೆರಡು ಮೀಟರ್ ದೂರದಲ್ಲಿ ನಿಂತಿದೆ, ಚಂದ್ರನ ದೂರಕ್ಕೆ ಹೋಗಿಲ್ಲ. ಓಡಾಡುವುದೂ ಅದಕ್ಕೇ.

ಸರಿಪಡಿಸುವ ಉಪಾಯ: ಓರೆ ಗಾಜು ತೆಗೆಯಿರಿ. ಮಸೂರದ ಮೇಲೆ ಒಂದು ಚಪ್ಪಟೆ ಕನ್ನಡಿಯನ್ನು ಬೋರಲು ಇಡಿ. ಕತ್ತಲೆ ಕೋಣೆಯಲ್ಲಿ ಹಾಳೆಯ ಮೇಲುಮುಖ ನೋಡಿ. ತೂತುಗಳಿಂದ ಹೊರಟ ಬೆಳಕು ಕನ್ನಡಿಗೆ ಬಡಿದು ವಾಪಸು ಹಾಳೆಯ ಮೇಲೇ ಬೀಳುತ್ತದೆ. ಕನ್ನಡಿಯನ್ನು ಕೂದಲೆಳೆಯಷ್ಟು ಓರೆ ಮಾಡಿದರೆ ತೂತಿನ ಪಕ್ಕದಲ್ಲಿ ಅದರ ಬಿಂಬ ಕಾಣುತ್ತದೆ. ಹಾಳೆಯನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡಿ. ಬಿಂಬ ಸೂಜಿಮೊನೆಯಷ್ಟು ಚೂಪಾದ ಜಾಗವೇ ಸಂಗಮ. ಅಲ್ಲಿ ಅಂಟಿಸಿಬಿಡಿ. ಲೆನ್ಸು ಕೂರಿಸುವ ಕೆಲಸದಲ್ಲಿ ನಾನು ಕಲಿತ ಮೊದಲ ಪಾಠ ಇದು. ಇವತ್ತಿಗೂ ಈ ಚೂಪು ಬಿಂಬ ಬಂದ ಗಳಿಗೆ ನನಗೆ ಖುಷಿ ಕೊಡುತ್ತದೆ.

ಬಾನಾಡಿ

ಅವರು ಮಾಡುವಷ್ಟರಲ್ಲಿ ಉಳಿದ ದೇಶಗಳದ್ದನ್ನು ಹೇಳಿಬಿಡುತ್ತೇನೆ. ಜರ್ಮನಿಯ ಗನ್‌ಸೈಟ್‌ನ ಹೆಸರು ರೆವಿ. ಮೆಸ್ಸರ್‌ಶ್ಮಿಟ್ 109ರಲ್ಲಿ ಅದನ್ನು ನಟ್ಟನಡುವೆ ಇಡದೆ ಸ್ವಲ್ಪ ಬಲಕ್ಕೆ, ಬಲಗಣ್ಣಿನ ನೇರಕ್ಕೆ ಇಟ್ಟಿದ್ದರು. ಬಲ್ಬು ಹೋದರೆ ಇರಲಿ ಅಂತ ಪಕ್ಕದಲ್ಲಿ ಮಡಚುವ ಕಬ್ಬಿಣದ ಗುರಿಯೂ ಇತ್ತು. ಜಪಾನಿನ ಝೀರೋ ವಿಮಾನದ ಟೈಪ್ 98 ಕೂಡ ಒಂದು ರೆವಿಯ ನಕಲು. ಬ್ರಿಟಿಷ್ ಕಾಕ್‌ಪಿಟ್‌ನಲ್ಲಿ ಬಿಡಿ ಬಲ್ಬುಗಳನ್ನು ಕೈಗೆಟುಕುವ ಹಾಗೆ ಸಿಕ್ಕಿಸಿಡುತ್ತಿದ್ದರು. ಗನ್‌ಸೈಟ್‌ನ ಪೈಲಟ್ ಕಡೆಗೆ ರಬ್ಬರ್ ದಿಂಬು ಬೇರೆ. ವಿಮಾನ ನೆಲಕ್ಕೆ ಅಪ್ಪಳಿಸಿದರೆ ಮುಖ ಹೋಗಿ ಬಡಿಯುವುದು ಮೊದಲು ಅದಕ್ಕೇ.

ರೆಕ್ಕೆಪುಕ್ಕ

ಮೇಷ್ಟ್ರೇ, ಆ ಮುಂದಳತೆಯ ಲೆಕ್ಕವನ್ನು ಯಂತ್ರವೇ ಮಾಡುವ ಹಾಗೆ ಯಾರೂ ಯೋಚಿಸಲಿಲ್ಲವಾ? ಗೈರೋ ಗನ್‌ಸೈಟ್ ಅಂತ ಕೇಳಿದ್ದೇನೆ.

ಗಣಿತದಮೇಷ್ಟ್ರು

ಯೋಚಿಸಿದರು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ. ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಮುಂದಳತೆ ಅಂದರೆ ಏನು? ಗುರಿಯನ್ನು ಹಿಂಬಾಲಿಸಿ ನಮ್ಮ ವಿಮಾನ ಎಷ್ಟು ವೇಗವಾಗಿ ತಿರುಗುತ್ತಿದೆಯೋ, ಅದನ್ನು ಗುಂಡು ತಲುಪುವ ಸಮಯದಿಂದ ಗುಣಿಸಿದರೆ ಬರುವ ಕೋನ. ನಮ್ಮ ಹೈಂಕೆಲ್ ಲೆಕ್ಕಕ್ಕೆ ಹಾಕಿ ನೋಡಿ. ಸೆಕೆಂಡಿಗೆ ಸುಮಾರು 25 ಡಿಗ್ರಿ, ಗುಣಿಸು 0.36. ಒಂಬತ್ತು ಡಿಗ್ರಿ. 250 ಮೀಟರ್ ದೂರದಲ್ಲಿ ಒಂಬತ್ತು ಡಿಗ್ರಿ ಅಂದರೆ ಅದೇ 40 ಮೀಟರ್. ಅಂದರೆ ಶತ್ರುವಿನ ವೇಗ ಎಷ್ಟು, ಎಷ್ಟು ಓರೆಯಲ್ಲಿ ಹೋಗುತ್ತಿದೆ ಅನ್ನುವುದನ್ನು ಊಹಿಸುವ ಅಗತ್ಯವೇ ಇಲ್ಲ. ನಾವು ತಿರುಗುವ ವೇಗದಲ್ಲೇ ಎರಡೂ ಅಡಗಿವೆ.

ತಿರುಗುವ ವೇಗ ಅಳೆಯಲು ಬುಗುರಿಗಿಂತ ಒಳ್ಳೆಯದು ಯಾವುದು? ಜೋರಾಗಿ ಸುತ್ತುವ ಬುಗುರಿ ತನ್ನ ದಿಕ್ಕು ಬಿಡಲು ಒಪ್ಪುವುದಿಲ್ಲ. ಗನ್‌ಸೈಟ್ ಒಳಗೆ ಅಂಥದ್ದೊಂದು ಗೈರೋ. ಅದರ ಜೊತೆ ಒಂದು ಪುಟ್ಟ ಕನ್ನಡಿ. ಬಳೆಯ ಬೆಳಕು ಆ ಕನ್ನಡಿಗೆ ಬಡಿದು ಬರುತ್ತದೆ. ವಿಮಾನ ತಿರುಗಿದಾಗ ಗೈರೋ ಹಿಂದೆ ಬೀಳುತ್ತದೆ, ಬಳೆಯೂ ಹಿಂದೆ ಬೀಳುತ್ತದೆ. ಹಿಂದೆ ಬಿದ್ದ ಬಳೆಯನ್ನು ಶತ್ರುವಿನ ಮೇಲೆ ಇಟ್ಟರೆ ಗನ್ನುಗಳು ತಾವಾಗಿಯೇ ಶತ್ರುವಿಗಿಂತ ಮುಂದೆ ನೋಡುತ್ತಿರುತ್ತವೆ.

ಎಷ್ಟು ಹಿಂದೆ ಬೀಳಬೇಕು ಅನ್ನುವುದು ದೂರದ ಮೇಲೆ ನಿಂತಿದೆ. ಅದಕ್ಕೆ ವಿದ್ಯುತ್ ಅಯಸ್ಕಾಂತಗಳು. ಗೈರೋಗೆ ಕೂರಿಸಿದ ಲೋಹದ ಬಟ್ಟಲು ಅವುಗಳ ನಡುವೆ ಸುತ್ತುತ್ತದೆ. ಕರೆಂಟು ಜಾಸ್ತಿ ಕೊಟ್ಟರೆ ಗೈರೋವನ್ನು ಬಿಗಿಯಾಗಿ ಎಳೆಯುತ್ತದೆ, ಹಿಂದೆ ಬೀಳುವುದು ಕಡಿಮೆ. ಹತ್ತಿರದ ಗುರಿಗೆ ಅದು ಸರಿ. ದೂರದ ಗುರಿಗೆ ಕರೆಂಟು ಕಡಿಮೆ, ಗೈರೋ ಜಾಸ್ತಿ ಹಿಂದೆ.

ಪೈಲಟ್ ಮಾಡಬೇಕಾದದ್ದು ಇಷ್ಟು. ರೆಕ್ಕೆಯ ಅಗಲ ಮೊದಲೇ ಇಟ್ಟುಕೊಳ್ಳಬೇಕು. ಥ್ರಾಟಲ್ ಹಿಡಿಯಲ್ಲಿ ಬೈಕಿನ ಆಕ್ಸಿಲರೇಟರ್ ಥರ ತಿರುಗಿಸುವ ಹಿಡಿ. ತಿರುಗಿಸಿದರೆ ಆರು ವಜ್ರಾಕಾರದ ಬೆಳಕಿನ ಚುಕ್ಕಿಗಳ ಬಳೆ ಹಿಗ್ಗುತ್ತದೆ, ಕುಗ್ಗುತ್ತದೆ. ಶತ್ರು ವಿಮಾನ ಆ ಆರರ ನಡುವೆ ಸರಿಯಾಗಿ ಕೂರಬೇಕು. ಹಾಗೆ ಒಂದು ಗಳಿಗೆ ಕದಲದಂತೆ ಹಿಡಿದು, ಆಮೇಲೆ ಗುಂಡಿ ಒತ್ತಬೇಕು. ಕೈ ನಡುಗಿದರೆ, ವಿಮಾನ ಎಗರಾಡಿದರೆ ಬಳೆಯೂ ಓಲಾಡುತ್ತದೆ.

1941ರ ಮೊದಲ ಮಾದರಿಯಲ್ಲಿ ಸಣ್ಣ ಕಿಂಡಿಗೆ ಕಣ್ಣಿಟ್ಟು ನೋಡಬೇಕಿತ್ತು. ಪೈಲಟ್‌ಗಳು ಒಪ್ಪಲಿಲ್ಲ. ಎರಡನೆಯದರಲ್ಲಿ ಬಳೆಯನ್ನು ಮತ್ತೆ ಓರೆ ಗಾಜಿಗೆ ತಂದರು. ಗ್ರಬ್ ಅವರ ಗಾಜಿಗೇ! ಎಡಿನ್‌ಬರೋದಲ್ಲಿ ಫೆರಾಂಟಿ ಕಂಪನಿ ಅದನ್ನು ತಯಾರಿಸಿತು. ಅದೇ ವಿನ್ಯಾಸ ಅಮೆರಿಕಾದಲ್ಲಿ ಕೆ-14 ಅಂತ ಆಯಿತು, 1944ರಲ್ಲಿ ಮಸ್ಟಾಂಗ್ ವಿಮಾನಗಳಿಗೆ ಬಂತು. ಪೈಲಟ್‌ಗಳು ಅದಕ್ಕೆ ಏಸ್ ಮೇಕರ್ (ನಿಪುಣ ಪೈಲಟ್‌ಗಳನ್ನು ತಯಾರು ಮಾಡುವಂಥದ್ದು) ಅಂತ ಹೆಸರಿಟ್ಟರು.

ಬಾನಾಡಿ

ನಮ್ಮವರ ಕಡೆಗೂ ಒಂದು ಎಳೆ ಇದೆ. 1944ರಲ್ಲಿ ಇಂಫಾಲದ ಕಾಳಗದಲ್ಲಿ ಅರ್ಜನ್ ಸಿಂಗ್ ಅವರ ಒಂದನೇ ಸ್ಕ್ವಾಡ್ರನ್ ಹಾರಿಸಿದ್ದು ಹರಿಕೇನ್. ದೆಹಲಿಯ ಪಾಲಂ ವಾಯುಪಡೆ ಸಂಗ್ರಹಾಲಯದಲ್ಲಿ ಹರಿಕೇನ್, ಸ್ಪಿಟ್‌ಫೈರ್ ಎರಡೂ ಇವೆ. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ವಿಮಾನದ ಹೆಡ್ ಅಪ್ ಡಿಸ್‌ಪ್ಲೇಯನ್ನು (ಪೈಲಟ್ ಕಣ್ಣೆದುರಿನ ಗಾಜಿನಲ್ಲೇ ಮಾಹಿತಿ ತೋರಿಸುವ ಸಾಧನ) ರೂಪಿಸಿದ್ದು ಚಂಡೀಗಢದ ಸಂಶೋಧನಾ ಸಂಸ್ಥೆ ಸಿಎಸ್‌ಐಒ. ಕಂಪ್ಯೂಟರ್ ಬರೆದ ಚಿತ್ರ, ಸಮಾಂತರ ಕಿರಣ, ಓರೆ ಗಾಜು. ಬಲ್ಬು, ಬಿಲ್ಲೆ ಮಾತ್ರ ಹೋಗಿವೆ.

ತುಂಗಾತೀರ

ಕನ್ನಡಿ ಉಪಾಯ ಕೆಲಸ ಮಾಡಿತು! ಹಾಳೆಯನ್ನು ನಾವು 4 ಮಿಲಿಮೀಟರ್ ಹತ್ತಿರ ಇಟ್ಟಿದ್ದೆವು. ಸರಿಯಾದ ಜಾಗಕ್ಕೆ ತಂದ ತಕ್ಷಣ ಜೋಡಿ ಚುಕ್ಕಿಗಳು ಒಂದಾದವು. ಅದೇ ಫೋಟೋ ಫ್ರೇಮಿನ ಗಾಜು.

ರಾತ್ರಿ ಮತ್ತೆ ಮಹಡಿಗೆ ಹೋದೆವು. ಬಳೆಯ ನಡುವೆ ಚಂದ್ರನನ್ನು ಕೂರಿಸಿ, ಡಬ್ಬಿಯನ್ನು ಇಟ್ಟಿಗೆ ಮೇಲೆ ಬಿಗಿಯಾಗಿ ಇಟ್ಟೆವು. ಮಗಳು ತಲೆಯನ್ನು ಎಡಕ್ಕೆ, ಬಲಕ್ಕೆ, ಮೇಲೆ ಕೆಳಗೆ ಆಡಿಸಿದಳು. ಚಂದ್ರ ಬಳೆಯೊಳಗೇ ಇದ್ದ. ಮುಂದೆ ಮೂರು ಮೀಟರ್ ದೂರದ ಬಟ್ಟೆ ಒಣಗಿಸುವ ಹಗ್ಗದ ಮೇಲೆ ಮಾತ್ರ ಬಳೆ ಅತ್ತಿಂದಿತ್ತ ಹೋಗುತ್ತಿತ್ತು. "ಹಗ್ಗ ಓಡಾಡ್ತಿದೆ, ಬಳೆ ಅಲ್ಲ" ಅಂದಳು.

ಒಂದೇ ಒಂದು ಪ್ರಶ್ನೆ ಉಳಿದಿದೆ. ಹಗಲು ಬೆಳ್ಳಗಿನ ಆಕಾಶದ ಎದುರು ಬಳೆ ಕಾಣುವುದೇ ಇಲ್ಲ. ಟಾರ್ಚ್ ಇದಕ್ಕಿಂತ ಜೋರು ಮಾಡಲು ಆಗುತ್ತಿಲ್ಲ.

ಹಳೇಲೆನ್ಸು

ಸಾದಾ ಗಾಜು ಹತ್ತರಲ್ಲಿ ಒಂದು ಪಾಲು ಬೆಳಕನ್ನಷ್ಟೇ ತಿರುಗಿಸುತ್ತದೆ, ಉಳಿದದ್ದು ದಾಟಿ ಹೋಗುತ್ತದೆ. ಅವರಿಗೂ ಇದೇ ಕಷ್ಟ ಇತ್ತು. ಬಲ್ಬನ್ನು ಹಗಲಿಗೆ ಜೋರು, ರಾತ್ರಿಗೆ ಮಂದ ಮಾಡುವ ಸ್ವಿಚ್ ಇಟ್ಟಿದ್ದರು. ರೆವಿಯಲ್ಲಿ ಓರೆ ಗಾಜಿನ ಆಚೆಗೆ ಎತ್ತಿ ನಿಲ್ಲಿಸುವ ಕಪ್ಪು ಛಾಯೆಯ ಗಾಜೂ ಇತ್ತು. ಆಕಾಶ ಮಂಕಾಗುತ್ತದೆ, ಬಳೆ ಹಾಗೇ ಉಳಿಯುತ್ತದೆ. ಹಳೆಯ ಕೂಲಿಂಗ್ ಗ್ಲಾಸಿನ ಒಂದು ಗಾಜನ್ನು ಓರೆ ಗಾಜಿನ ಆಚೆ ಬದಿಗೆ ಸಿಕ್ಕಿಸಿ ನೋಡಿ. ನಿಮ್ಮ ಕಣ್ಣಿನ ಕಡೆ ಬೇಡ, ಆಗ ಎರಡೂ ಮಂಕಾಗುತ್ತವೆ. ಸೂರ್ಯನ ಕಡೆ ಮಾತ್ರ ತಿರುಗಿಸಲೇಬೇಡಿ, ಕೂಲಿಂಗ್ ಗ್ಲಾಸ್ ಅದನ್ನು ತಡೆಯುವುದಿಲ್ಲ. ಉತ್ತರದ ಆಕಾಶಕ್ಕೆ ಹಿಡಿಯಿರಿ.